ಕುಜ್ನೆತ್ಸೊವ್: ಸೋತದ್ದು ಎಂಜಿನ್ನೋ, ಪರೀಕ್ಷಾಕ್ರಮವೋ?

ಸೋವಿಯತ್ ಒಕ್ಕೂಟದ ಚಂದ್ರ ರಾಕೆಟ್ ಎನ್-1 ವಿಫಲವಾದದ್ದೇಕೆ? ವಿಮಾನದ ಎಂಜಿನ್ ತಯಾರಿಸುವವರಿಗೆ ರಾಕೆಟ್ ಕೆಲಸ ಒಪ್ಪಿಸಿದ್ದರಿಂದ ಎಂಬ ಉತ್ತರವನ್ನು ನೀವು ಓದಿರಬಹುದು. ಇಲ್ಲಿ ಬೆರಳು ತೋರುವುದು ನಿಕೊಲಾಯ್ ಕುಜ್ನೆತ್ಸೊವ್ (1911-1995) ಅವರತ್ತ. ಈ ತೀರ್ಪು ಅರ್ಧಸತ್ಯ.

ಕುಜ್ನೆತ್ಸೊವ್ ಅನನುಭವಿಯಲ್ಲ. ಜರ್ಮನ್ ತಜ್ಞರ ನೆರವೂ ಸೇರಿ ಕುಯ್‌ಬಿಶೆವ್‌ನಲ್ಲಿ (ಇಂದಿನ ಸಮಾರಾ) ಅವರ ಸಂಸ್ಥೆ ರೂಪಿಸಿದ ಎನ್‌ಕೆ-12 ಎಂಜಿನ್ನಿನ ಸಾಮರ್ಥ್ಯ ಸುಮಾರು 15,000 ಅಶ್ವಶಕ್ತಿ. 2017ರವರೆಗೆ ನಮ್ಮ ನೌಕಾಪಡೆಯಲ್ಲಿದ್ದ ಟಿಯು-142 ವಿಮಾನಗಳಿಗೂ ಇದೇ ಎಂಜಿನ್ ಇತ್ತು.

ರಾಕೆಟ್ ಎಂಜಿನ್ ತಜ್ಞ ಗ್ಲುಷ್ಕೊ ಬೇರೆ ಇಂಧನಕ್ಕೆ ಪಟ್ಟು ಹಿಡಿದಾಗ, ಸೀಮೆಎಣ್ಣೆ ಮತ್ತು ದ್ರವ ಆಕ್ಸಿಜನ್ ಬಯಸಿದ್ದ ಕೊರೊಲ್ಯೊವ್ ಕುಜ್ನೆತ್ಸೊವ್ ಅವರನ್ನು ಆಶ್ರಯಿಸಿದರು. ಹೀಗೆ ಬಂದದ್ದು ಎನ್‌ಕೆ-15. ಇದರಲ್ಲಿ ಪಂಪನ್ನು ತಿರುಗಿಸಿದ ಅನಿಲ ಹೊರಗೆ ಪೋಲಾಗದೆ ಮುಖ್ಯ ದಹನಕೋಶಕ್ಕೇ ಸೇರುತ್ತದೆ. ಆ ಅನಿಲದಲ್ಲಿ ಬಿಸಿ ಆಕ್ಸಿಜನ್ ಹೇರಳ. ಲೋಹವನ್ನೇ ಉರಿಸಬಲ್ಲ ಅದನ್ನು ತಾಳಿಕೊಳ್ಳುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಹಾಗಾದರೆ ದೋಷವೆಲ್ಲಿ? ಎನ್‌ಕೆ-15ರ ಕೆಲವು ಕವಾಟಗಳು ಸ್ಫೋಟಕದಿಂದ ಒಮ್ಮೆ ಮಾತ್ರ ತೆರೆಯುವಂಥವು. ಆದ್ದರಿಂದ ಹಾರಬೇಕಾದ ಎಂಜಿನ್ನನ್ನು ಮೊದಲೇ ಉರಿಸಿ ನೋಡುವಂತಿರಲಿಲ್ಲ. ಆರು ಎಂಜಿನ್‌ಗಳಲ್ಲಿ ಎರಡನ್ನು ಉರಿಸಿ, ಅವು ಸರಿಯಿದ್ದರೆ ಉಳಿದ ನಾಲ್ಕನ್ನು ರಾಕೆಟ್ಟಿಗೆ ಕೊಡುತ್ತಿದ್ದರು. ಮೊದಲ ಹಂತದಲ್ಲಿದ್ದವು 30 ಎಂಜಿನ್‌ಗಳು. ಒಂದೊಂದೂ ಶೇ. 99ರಷ್ಟು ವಿಶ್ವಾಸಾರ್ಹವೆಂದುಕೊಂಡರೂ ಮೂವತ್ತೂ ಸರಿಯಾಗಿ ಕೆಲಸ ಮಾಡುವ ಸಂಭವ ಶೇ. 74 ಮಾತ್ರ, ಲೆಕ್ಕ ಹಾಕಿ ನೋಡಿ. ಇಡೀ ಹಂತವನ್ನು ನೆಲದ ಮೇಲೆ ಉರಿಸಿ ನೋಡುವ ವ್ಯವಸ್ಥೆಯೂ ಇರಲಿಲ್ಲ.

1969ರಿಂದ 1972ರವರೆಗಿನ ನಾಲ್ಕೂ ಉಡಾವಣೆಗಳು ವಿಫಲವಾದವು. 1969ರ ಜುಲೈಯಲ್ಲಿ ಸಿಡಿದದ್ದು ಎಂಜಿನ್ನಿನ ಆಕ್ಸಿಜನ್ ಪಂಪು, ನಿಜ. ಆದರೆ 1971ರಲ್ಲಿ ಎಂಜಿನ್‌ಗಳು ಉರಿಯುತ್ತಿದ್ದಾಗಲೇ ರಾಕೆಟ್ ತನ್ನ ಅಕ್ಷದ ಸುತ್ತ ತಿರುಗಿ ಹತೋಟಿ ತಪ್ಪಿತು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಲಾಗದು. ಆರಕ್ಕೆ ಎರಡರ ಪರೀಕ್ಷೆಗೆ ಒಪ್ಪಿದ ಹೊಣೆ ಮಾತ್ರ ಅವರದೂ ಹೌದು.

ಅವರು ಕೊಟ್ಟ ಉತ್ತರ ಎನ್‌ಕೆ-33: ಮತ್ತೆ ಮತ್ತೆ ಉರಿಸಬಹುದಾದ, ಹಾರುವ ಮುನ್ನ ಪರೀಕ್ಷಿಸಬಹುದಾದ ಎಂಜಿನ್. ಅದು ಹಾರುವ ಮೊದಲೇ, 1974ರಲ್ಲಿ, ಯೋಜನೆ ನಿಂತಿತು. ನಾಶಮಾಡಬೇಕೆಂಬ ಆದೇಶವಿದ್ದರೂ ಅವರು ಎಂಜಿನ್‌ಗಳನ್ನು ಉಳಿಸಿದರು. ಅಮೆರಿಕದ ಕಂಪನಿಯೊಂದು ಕೊಂಡ ಅವು 2013ರಲ್ಲಿ ಆಂಟಾರಿಸ್ ರಾಕೆಟ್ಟನ್ನು ಹಾರಿಸಿದವು. ಅಭಿಮಾನಿಗಳು ಕತೆಯನ್ನು ಇಲ್ಲಿಗೇ ಮುಗಿಸುತ್ತಾರೆ. 2014ರ ಅಕ್ಟೋಬರಿನಲ್ಲಿ ಅದೇ ಬಗೆಯ ಎಂಜಿನ್ನಿನ ಪಂಪು ಸಿಡಿದು ಆಂಟಾರಿಸ್ ನೆಲಕ್ಕೆ ಬಿದ್ದುದನ್ನೂ ಸೇರಿಸಿ ಹೇಳಬೇಕು.

ಅಧ್ಯಾಪಕರೇ, ಈ ಕತೆಯನ್ನು ತರಗತಿಯಲ್ಲಿ ಹೇಳುವಾಗ ಕುಜ್ನೆತ್ಸೊವ್ ಅವರನ್ನು ಖಳನನ್ನಾಗಿಯೂ, ಮರೆತ ಮಹಾಪುರುಷನನ್ನಾಗಿಯೂ ಮಾಡಬೇಡಿ. ಒಳ್ಳೆಯ ವಿನ್ಯಾಸವೂ ಪರೀಕ್ಷೆಗೆ ಒಡ್ಡಿಕೊಂಡಷ್ಟೇ ನಂಬಲರ್ಹ ಎಂಬುದನ್ನು ಅವರ ಎರಡು ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ.