ಕನ್ನಡಿ ಬಿದ್ದ ಮೇಲೆ

‘ದಿ ಎಕ್ಸ್‌ಪ್ಯಾನ್ಸ್’ ಟಿವಿ ಧಾರಾವಾಹಿಯಲ್ಲಿ ಗುರುವಿನ ಉಪಗ್ರಹ ಗ್ಯಾನಿಮೀಡ್, ಕ್ಷುದ್ರಗ್ರಹ ಪಟ್ಟಿಯಿಂದಾಚೆ ಬದುಕುವವರಿಗೆಲ್ಲ ಅನ್ನ ಹಾಕುವ ನೆಲ. ಅಷ್ಟು ದೂರಕ್ಕೆ ಬಿಸಿಲು ಸಾಲದು; ಕಕ್ಷೆಯಲ್ಲಿರುವ ದೈತ್ಯ ಕನ್ನಡಿಗಳು ಅದನ್ನು ಹಿಡಿದು ಗುಮ್ಮಟಗಳೊಳಗಿನ ಬೆಳೆಗೆ ಹಾಯಿಸುತ್ತವೆ. ಎರಡನೇ ಸೀಸನ್‌ನಲ್ಲಿ ಭೂಮಿ ಮತ್ತು ಮಂಗಳದ ಪಡೆಗಳು, ನಡೆದದ್ದೇನೆಂದು ಸರಿಯಾಗಿ ತಿಳಿಯುವ ಮೊದಲೇ ಪರಸ್ಪರ ದಾಳಿಗಿಳಿಯುತ್ತವೆ. ಕನ್ನಡಿಗಳು ಕಳಚಿ ಗುಮ್ಮಟಗಳ ಮೇಲೆ ಬೀಳುತ್ತವೆ. ಕಾಳಗ ಬೇಗ ಮುಗಿಯುತ್ತದೆ. ಊರು ಸಾಯಲು ತೊಡಗುವುದು ಆಮೇಲೆ.

ಮಗಳನ್ನು ಹುಡುಕಿ ಅಲೆಯುವ ಸಸ್ಯವಿಜ್ಞಾನಿ ಪ್ರ್ಯಾಕ್ಸ್ ಅಲ್ಲಿನ ಒಂದು ಗಿಡದ ಹಳದಿಗಟ್ಟಿದ ಎಲೆ ನೋಡಿ, ಈ ನಿಲ್ದಾಣದ ಕಥೆ ಮುಗಿಯಿತು ಅನ್ನುತ್ತಾನೆ. ಕಾಡಿಗೆ ಒಂದು ದಾರಿ ಮುಚ್ಚಿದರೆ ನೂರು ದಾರಿಗಳಿವೆ. ಮನುಷ್ಯ ಕಟ್ಟಿಕೊಂಡ ಈ ಪುಟ್ಟ ಜಗತ್ತಿಗೆ ಇರುವುದು ಎರಡೋ ಮೂರೋ. ಗಾಳಿ ಶುದ್ಧ ಮಾಡುವ ಗಿಡ ಸೊರಗಿದರೆ ಅದರ ಹೊರೆ ಪಕ್ಕದ ಗಿಡಕ್ಕೆ, ಅದೂ ಸೋತರೆ ಯಂತ್ರಕ್ಕೆ. ಯಂತ್ರ ಕೈಕೊಟ್ಟರೆ ಉಸಿರೇ ಇಲ್ಲ. ಯುದ್ಧ ನಾಗರಿಕರನ್ನು ತಲುಪುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಂತರಿಕ್ಷ ಕಥೆ ನಾನು ಬೇರೆ ನೋಡಿಲ್ಲ.

ಜೇಮ್ಸ್ ಎಸ್. ಎ. ಕೋರಿ ಎಂಬ ಒಂದೇ ಹೆಸರಿನಲ್ಲಿ ಡೇನಿಯಲ್ ಅಬ್ರಹಾಂ ಮತ್ತು ಟೈ ಫ್ರಾಂಕ್ 2011ರಿಂದ 2021ರವರೆಗೆ ಬರೆದ 9 ಕಾದಂಬರಿಗಳು ಇದರ ಮೂಲ. ಧಾರಾವಾಹಿ 2015ರಲ್ಲಿ ಶುರುವಾಗಿ 2022ರಲ್ಲಿ ಮುಗಿಯಿತು. ಇದರ ಬೆಲ್ಟರ್‌ಗಳು, ಅಂದರೆ ಕ್ಷುದ್ರಗ್ರಹ ಪಟ್ಟಿಯ ಜನ, ಕಡಿಮೆ ಗುರುತ್ವದಲ್ಲಿ ಬೆಳೆದು ಮೂಳೆ ದುರ್ಬಲವಾದವರು, ನೀರು ಗಾಳಿಗೂ ಪರಾವಲಂಬಿಗಳು. ಆದರೂ ಅವರನ್ನು ಬರೀ ಪಾಪದವರನ್ನಾಗಿ ಚಿತ್ರಿಸಿಲ್ಲ. ಗ್ಯಾನಿಮೀಡ್‌ನಿಂದ ನಿರಾಶ್ರಿತರನ್ನು ತುಂಬಿಕೊಂಡು ಹೊರಟ ಬೆಲ್ಟರ್ ಹಡಗಿನಲ್ಲಿ, ಒಳಗ್ರಹದವರನ್ನು, ಅಂದರೆ ಭೂಮಿ ಮತ್ತು ಮಂಗಳದವರನ್ನು, ಬೇರೆ ಮಾಡಿ ನಿರ್ವಾತಕ್ಕೆ ದೂಡಿಬಿಡುತ್ತಾರೆ. ಪ್ರ್ಯಾಕ್ಸ್‌ನ ಗೆಳತಿಯೂ ಅವರಲ್ಲಿ ಒಬ್ಬಳು. ಯಾವ ಸರ್ಕಾರದ ಆಜ್ಞೆಯೂ ಅಲ್ಲಿರಲಿಲ್ಲ. ಕೇಳುವವರಿಲ್ಲದ ಕಡೆ ಸೇಡು ತೀರಿಸಿಕೊಳ್ಳಲು ಕೈಗೆ ಸಿಕ್ಕವರೇ ಸಾಕು ಎಂಬುದನ್ನು ಆ ದೃಶ್ಯ ಭಾಷಣವಿಲ್ಲದೆ ಹೇಳುತ್ತದೆ.

ನಾಲ್ಕನೇ ಸೀಸನ್ ಬಗ್ಗೆ ನನ್ನ ತಕರಾರಿದೆ. ಗ್ಯಾನಿಮೀಡ್‌ನಿಂದ ಓಡಿದವರು, ಯಾವ ಬಂದರೂ ಒಳಗೆ ಬಿಡದಿದ್ದಾಗ, ಇಲಸ್ ಎಂಬ ಹೊಸ ಗ್ರಹಕ್ಕೆ ಹೋಗಿ ಲಿಥಿಯಂ ಅಗೆಯುತ್ತಾರೆ. ವಿಶ್ವಸಂಸ್ಥೆಯ ಪರವಾನಗಿ ಹಿಡಿದು ಒಂದು ಕಂಪನಿಯೂ ಬರುತ್ತದೆ. ಮೊದಲು ಬಂದವರದೋ, ಕಾಗದ ತಂದವರದೋ ಈ ನೆಲ? ನೌಕೆ ಇಳಿಯುವ ಕಟ್ಟೆಯನ್ನೇ ಸಿಡಿಸುವ ನೆಲಸಿಗರು, ಎಲ್ಲರೆದುರೇ ಒಬ್ಬನನ್ನು ಗುಂಡಿಟ್ಟು ಕೊಲ್ಲುವ ಭದ್ರತಾ ಮುಖ್ಯಸ್ಥ ಮರ್ಟ್ರಿ: ಇಬ್ಬರಿಗೂ ತಾವೇ ಸರಿ. ಕಾನೂನು ಇನ್ನೂ ತಲುಪದ ಊರಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ಬೇಕಿಲ್ಲ.

ಅಷ್ಟರಲ್ಲಿ ಆ ಗ್ರಹದಲ್ಲಿ ಅನ್ಯಜೀವಿಗಳು ಬಿಟ್ಟುಹೋದ ಪುರಾತನ ಯಂತ್ರಗಳು ಎಚ್ಚೆತ್ತು, ಸ್ಫೋಟವಾಗಿ, ದೈತ್ಯ ಅಲೆ ಬರುತ್ತದೆ. ಆಮೇಲೆ ವಿಷದ ಹುಳುಗಳು, ಕಣ್ಣು ಕುರುಡಾಗಿಸುವ ಸೂಕ್ಷ್ಮಜೀವಿಗಳು. ಲಿಥಿಯಂ ಯಾರದೆಂಬ ಪ್ರಶ್ನೆ ಆ ನೀರಿನಲ್ಲೇ ಕೊಚ್ಚಿಹೋಯಿತು! ನಾಯಕ ಹೋಲ್ಡನ್‌ನ ಕಣ್ಣು ಮಾತ್ರ ಕೆಡುವುದಿಲ್ಲ. ಉಳಿದವರು ಕತ್ತಲಲ್ಲಿ ತಡಕಾಡುತ್ತ ಅವನನ್ನೇ ಕಾಯಬೇಕು. ಪ್ರ್ಯಾಕ್ಸ್‌ಗೆ ಕೊಟ್ಟ ದೃಷ್ಟಿಯನ್ನು ಕಥೆ ಇಲ್ಲಿನ ಜನರಿಂದ ಅಕ್ಷರಶಃ ಕಿತ್ತುಕೊಂಡಂತಿದೆ.

ಲೂಸಿಯಾ ಎಂಬ ವೈದ್ಯೆ ಇದ್ದಳು: ಕಟ್ಟೆಯ ಸ್ಫೋಟಕ್ಕೆ ಕೈಜೋಡಿಸಿದವಳು, ಸತ್ತವರ ಲೆಕ್ಕ ಹೊತ್ತು ತಿರುಗುವವಳು. ಮದ್ದು ಕೊಡುವ ಕೈಯೇ ಸಿಡಿಮದ್ದನ್ನೂ ಮುಟ್ಟಿತೇಕೆ ಎಂಬುದಕ್ಕೆ ಉತ್ತರ ಗ್ಯಾನಿಮೀಡ್‌ನಲ್ಲಿತ್ತು, ಬಂದರಿನಿಂದ ಬಂದರಿಗೆ ಅಲೆದ ಆ ದಿನಗಳಲ್ಲಿತ್ತು. ಅದನ್ನು ತೋರಿಸಲು ಒಂದು ಪೂರ್ತಿ ಕಂತು ಕೊಡಬಹುದಿತ್ತು. ಕಥೆ ಅವಳನ್ನು ನಡುವೆಯೇ ಗ್ರಹದಿಂದ ಎತ್ತಿ ನಾಯಕರ ಹಡಗಿಗೆ ಹತ್ತಿಸಿತು. ಅಲ್ಲಿ ಅವಳ ಅಪರಾಧಪ್ರಜ್ಞೆಗೆ ಸಾಂತ್ವನ ಸಿಕ್ಕಿತು, ಅವಳ ಊರಿನ ವಾದ ಮಾತ್ರ ಅರ್ಧಕ್ಕೇ ನಿಂತಿತು.