ಮನಸ್ಸು ಇರುವುದು ಯಾರಿಗೆ? – ‘ಶರಪಂಜರ’ದ ಮರುನೋಟ

ಮನೋವೈಜ್ಞಾನಿಕವೆಂದು ಹೆಸರಾದ ಯಾವ ಚಲಚ್ಚಿತ್ರವನ್ನು ನೋಡುವಾಗಲೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತ: ಇಲ್ಲಿ ಮನಸ್ಸು ಇರುವುದು ಯಾರಿಗೆ? ನೋವು ಎಲ್ಲರಿಗೂ ಉಂಟು. ಆದರೆ ಆ ನೋವಿನ ಒಳಗನ್ನು ತೆರೆದು ತೋರುವ ಗೌರವವನ್ನು ಕಲೆ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನು (1972) ಈ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ಹಿರಿಮೆಯೂ ಮಿತಿಯೂ ಒಟ್ಟಿಗೇ ಗೋಚರವಾಗುತ್ತವೆ.

ಹಿರಿಮೆಯನ್ನು ಮೊದಲು ಹೇಳಬೇಕು. ಮೂಲ ಕಾದಂಬರಿಯನ್ನು ಬರೆದ ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಹೆರಿಗೆಯ ಅನಂತರ ಚಿತ್ತಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಕಥೆಯ ನಿಜವಾದ ದುರಂತ ಮೊದಲಾಗುವುದು ಇಲ್ಲಿಂದ. ಆಕೆ ನಕ್ಕರೆ ಸಂಶಯ, ಸಿಟ್ಟಾದರೆ ಭಯ, ಸುಮ್ಮನಿದ್ದರೆ ಪಿಸುಮಾತು. ಆಸ್ಪತ್ರೆ ಗುಣಪಡಿಸಿದ್ದನ್ನು ಮನೆ ಕೆಡಿಸುತ್ತದೆ. ಪ್ರೇಕ್ಷಕನು ನಗುವುದಕ್ಕೋ ಬೆದರುವುದಕ್ಕೋ ಮಾತ್ರ ‘ಹುಚ್ಚಿ’ಯನ್ನು ಬಳಸಿಕೊಳ್ಳುತ್ತಿದ್ದ ಕಾಲದಲ್ಲಿ, ಅವಳ ಕಣ್ಣಿನಿಂದಲೇ ಮನೆಯನ್ನು ತೋರಿಸಿದ ಧೈರ್ಯ ಸಾಮಾನ್ಯವಾದುದಲ್ಲ. ಕಲ್ಪನಾ ಅವರ ಅಭಿನಯ ಕೆಲವೆಡೆ ಅತಿಯೆನಿಸಿದರೂ, ದುಃಖವನ್ನು ಅದುಮಿಕೊಂಡು ಗೃಹಿಣಿಯಾಗಲು ಹೆಣಗುವ ಕ್ಷಣಗಳಲ್ಲಿ ಅದು ಉನ್ನತ ಮಟ್ಟದ್ದು.

ಇನ್ನು ಮಿತಿ. ಈ ಕಥೆ ನಡೆಯುವುದು ನಗರದ ಅನುಕೂಲಸ್ಥ ಮನೆಯೊಂದರಲ್ಲಿ. ಅಡುಗೆಯ ಭಟ್ಟ, ನೆರೆಹೊರೆಯವರು ಇವರೆಲ್ಲ ಕಾವೇರಿಯನ್ನು ನೋಡುವ ಕಣ್ಣುಗಳು, ಆಡಿಕೊಳ್ಳುವ ನಾಲಗೆಗಳು. ಅವರಿಗೂ ಒಳಗೊಂದು ಲೋಕವಿದ್ದೀತೆಂದು ಚಿತ್ರ ಸಂದೇಹಪಡುವುದೇ ಇಲ್ಲ. ಒಬ್ಬಳ ಕಥೆಯಲ್ಲಿ ಎಲ್ಲರ ಕಥೆಯನ್ನೂ ಹೇಳಲಾದೀತೇ ಎಂದು ಯಾರಾದರೂ ಕೇಳಬಹುದು. ಆ ಆಕ್ಷೇಪಣೆ ನ್ಯಾಯವೇ. ಆದರೆ ಒಂದು ಚಿತ್ರದ ಆಯ್ಕೆ ಚಿತ್ರರಂಗದ ಪದ್ಧತಿಯಾದಾಗ, ಮನೋವ್ಯಥೆಯೆಂಬುದು ವಿದ್ಯಾವಂತ ಮನೆಗಳ ಸೊತ್ತೆಂಬ ಭ್ರಮೆ ಬೆಳೆಯುತ್ತದೆ.

ಚಾರ್ಮಾಡಿ ಘಟ್ಟದ ಬುಡದ ನೆರಿಯದಂಥ ಊರುಗಳಿಂದ ನೋಡುವವರಿಗೆ ಈ ಭ್ರಮೆ ಬೇಗ ಒಡೆಯುತ್ತದೆ. ಈ ಕಡೆಯ ಬಡವರ ಮನೆಯಲ್ಲಿ ಬಾಣಂತಿಯ ಮನಸ್ಸು ಕದಡಿದರೆ ಪ್ರಶ್ನೆ ಇಡಿಸುತ್ತಿದ್ದರು, ಭೂತದ ಉಪದ್ರವವೆನ್ನುತ್ತಿದ್ದರು. ಬೆಂಗಳೂರಿನ ಆಸ್ಪತ್ರೆ ಬಹು ದೂರ. ಘಟ್ಟ ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆಯ ಕಾಫಿ ತೋಟಗಳು. ಅಂಥ ತೋಟಕ್ಕೆ ಸಾಲ ತೀರಿಸಲು ಹೋದವರ ಕಥೆಯನ್ನು ಶಿವರಾಮ ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ಬರೆದರು. ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲವೂ, ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ದೊರೆತವು.

ಆ ಚಿತ್ರವನ್ನು ಯಾರೂ ಮನೋವೈಜ್ಞಾನಿಕವೆಂದು ಕರೆಯುವುದಿಲ್ಲ. ಸಾಮಾಜಿಕವೆಂದು ವರ್ಗೀಕರಿಸಿ ಮುಗಿಸುತ್ತೇವೆ. ಆದರೆ ಬೇಸಾಯಗಾರನಾಗುವ ಆಸೆಯನ್ನು ಜಾತಿಯ ಕಾರಣಕ್ಕೆ ನುಂಗಿಕೊಂಡವನು ರಾತ್ರಿಯಿಡೀ ದುಡಿ ಬಾರಿಸುವುದು ಮನಸ್ಸಿನ ವ್ಯಾಪಾರವಲ್ಲದೆ ಮತ್ತೇನು? ತುಳು ಆಡಬೇಕಾದ ಚೋಮನ ಬಾಯಲ್ಲಿ ಕನ್ನಡವಿದೆ. ಅವನ ಸ್ವಂತ ಭಾಷೆಯಾಗಿ ಉಳಿದದ್ದು ದುಡಿಯೊಂದೇ. ಹಾಗಿದ್ದೂ ಈ ಚಿತ್ರದಲ್ಲಿಯೂ ಒಂದು ಬಾಗಿಲು ಅರ್ಧ ಮುಚ್ಚಿದೆ. ತೋಟದಲ್ಲಿ ಶೋಷಣೆಗೊಳಗಾದ ಮಗಳು ಬೆಳ್ಳಿಯ ಅಂತರಂಗ ತಂದೆಯ ದುಡಿಯ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಕಾವೇರಿಯ ಮಾತನ್ನು ಕೇಳಲು ವೈದ್ಯರಾದರೂ ಇದ್ದರು. ಬೆಳ್ಳಿಯನ್ನು ಕೇಳುವವರೇ ಇಲ್ಲ. ‘ಶರಪಂಜರ’ ಒಬ್ಬ ಹೆಣ್ಣಿಗೆ ಮನಸ್ಸುಂಟೆಂದು ಕನ್ನಡ ಪ್ರೇಕ್ಷಕನಿಗೆ ಕಲಿಸಿತು. ಆ ಪಾಠವನ್ನು ಆ ಮನೆಯ ಅಡುಗೆಮನೆಗೂ, ಘಟ್ಟದ ತೋಟಕ್ಕೂ ಒಯ್ಯುವ ಕೆಲಸ ನಮ್ಮ ಚಿತ್ರಕಾರರಿಗೂ ವಿಮರ್ಶಕರಿಗೂ ಇನ್ನೂ ಬಾಕಿ ಇದೆ.