ಧ್ವನಿಯನ್ನು ಓದುವ ವಿದ್ಯೆ

ಮಲೆನಾಡಿನ ಕಾಫಿತೋಟಗಳಲ್ಲಿ ಹತ್ತಾರು ಮಳೆಗಾಲಗಳನ್ನು ಕಂಡು ಕೈಬದಲಾಗಿ ಬಂದ ಫೋರ್‌ವೀಲ್ ಡ್ರೈವ್ ಪಿಕಪ್ಪಿನ ಅಡಿಯಿಂದ ಅಪರಿಚಿತ ಧ್ವನಿಯೊಂದು ಹೊರಟಾಗ, ಸ್ಪ್ಯಾನರನ್ನು ಮುಟ್ಟುವ ಮೊದಲು ಕಣ್ಮುಚ್ಚಿ ಕಿವಿಗೊಡುವ ಮೆಕ್ಯಾನಿಕನ ಏಕಾಗ್ರತೆಯು ನಾಡಿ ಹಿಡಿದ ವೈದ್ಯನದಕ್ಕಿಂತ ಕಡಮೆಯದಲ್ಲ. ಮುಂದಿನ ಗೇರಿನಿಂದ ರಿವರ್ಸಿಗೆ ಬದಲಿಸಿದೊಡನೆ ‘ಠಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಸವೆದಿರಬೇಕೆಂದೂ, ತಿರುವಿನಲ್ಲಿ ಹೆಚ್ಚುಕಡಮೆಯಾಗುವ ಮೊರೆತವು ಚಕ್ರದ ಬೇರಿಂಗಿನದೆಂದೂ, ಆಕ್ಸಿಲರೇಟರಿನ ಒತ್ತಡದೊಡನೆ ಸ್ವರ ಬದಲಿಸುವ ಊಳು ಡಿಫರೆನ್ಷಿಯಲ್ಲಿನ ಹಲ್ಲುಗಳದೆಂದೂ ಅವನು ಊಹಿಸುವನು. ಆದರೆ ಊಹೆಯಲ್ಲಿ ನಿಲ್ಲದೆ, ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿ, ಜಾಯಿಂಟಿನಂಚಿನ ಕೆಂದು ತುಕ್ಕಿನ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡುವನು. ಒಣರಸ್ತೆಯ ತಿರುವಿನಲ್ಲಿ ಹಿಂದುಮುಂದಿನ ಚಕ್ರಗಳನ್ನು ಬೆಸೆದಾಗ ತೋರುವ ಬಿಗಿತವು, ಮುಂದಿನವು ದೊಡ್ಡ ಕಂಸವನ್ನು ಕ್ರಮಿಸಬೇಕಾದುದರಿಂದ ಬಂದ ಸ್ವಭಾವವೇ ಹೊರತು ರೋಗವಲ್ಲವೆಂದು ಅರಿತವನೇ ಈ ವಿದ್ಯೆಯಲ್ಲಿ ಪ್ರವೀಣನು.